ಬಾನೆಟ್ ಕೆಳಗಿನ ನಂಬರು

ಹಸಿರು ತೆರಿಗೆ ಅನ್ನೋ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ನಗು ಬಂತು. ಹೇಳಿದವನು ಕನಕಪುರ ರಸ್ತೆ ಪಕ್ಕ ವ್ಯಾನ್ ನಿಲ್ಲಿಸ್ಕೊಂಡು ಎಮಿಷನ್ ಟೆಸ್ಟ್ ಮಾಡೋ ಅಣ್ಣ. ನಮ್ಮ ಕೆಂಪು ಕಾರಿನ ಸೈಲೆನ್ಸರ್‌ಗೆ ಪೈಪು ತೂರಿಸಿ, ಸ್ಕ್ರೀನ್ ನೋಡಿ, ಹೊಗೆ ಪಾಸು ಮೇಡಂ ಅಂದ. ಆಮೇಲೆ ಆರ್‌ಸಿ ತಿರುಗಿಸಿ ನೋಡಿ, ಗಾಡಿಗೆ ಹದಿನೈದು ವರ್ಷ ತುಂಬ್ತಾ ಬಂತಲ್ಲ, ಈ ತಿಂಗಳ ಕೊನೆ ಒಳಗೆ ಹಸಿರು ತೆರಿಗೆ ಕಟ್ಟಿ, ಇನ್‌ಸ್ಪೆಕ್ಟರ್‌ಗೆ ತೋರಿಸಿ, ಆರ್‌ಸಿ ರಿನ್ಯೂ ಮಾಡಿಸ್ಕೊಳ್ಳಿ, ಆಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬೇಕಾಗುತ್ತೆ ಅಂತ ಒಂದೇ ಉಸಿರಲ್ಲಿ ಹೇಳಿದ. ನಗು ಅಲ್ಲಿಗೇ ನಿಂತುಹೋಯ್ತು. ಹೊಗೆ ಪಾಸಾದ ಮೇಲೂ ತೆರಿಗೆ ಯಾಕೆ ಅಂತ ಅವನ ಮೇಲೇ ಹರಿಹಾಯ್ದೆ. ಪಾಪ, ಅವನೇನು ಮಾಡ್ತಾನೆ. ತೆರಿಗೆ ಹೊಗೆಗಲ್ಲ ಮೇಡಂ, ವಯಸ್ಸಿಗೆ ಅಂದ.

ವಯಸ್ಸಾಗಿದ್ದಕ್ಕೆ ದಂಡ. ಐವತ್ತು ದಾಟಿದವಳಿಗೆ ಈ ಮಾತು ಕೇಳಿ ಹೊಟ್ಟೆ ಉರಿಯದೆ ಇರುತ್ತಾ?

ನನಗೆ ಕೂತಲ್ಲಿ ಕೂರೋಕೆ ಆಗಲ್ಲ. ಚಿಕ್ಕವಳಿದ್ದಾಗಲೇ ಅಪ್ಪ ನನ್ನನ್ನ ಕಾಲಿಗೆ ಚಕ್ರ ಕಟ್ಕೊಂಡೋಳು ಅಂತಿದ್ರು. ಜರಗನಹಳ್ಳಿಯ ಮನೇಲಿ ನಾನು, ಅಮ್ಮ ಇಬ್ಬರೇ. ಅಮ್ಮ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡ್ತಾಳೆ. ನಾನು ಅದನ್ನ ಡಬ್ಬಗಳಿಗೆ ತುಂಬಿ, ಕಾರಿನ ಹಿಂದಿನ ಸೀಟಲ್ಲಿ ಜೋಡಿಸಿ, ಜಯನಗರ, ಬನಶಂಕರಿ ಅಂಗಡಿಗಳಿಗೆ ಹಾಕಿ ಬರ್ತೀನಿ. ಬಿಟಿಎಂನಲ್ಲಿ ಬಾಡಿಗೆಗಿರೋ ಹುಬ್ಬಳ್ಳಿ ಕಡೆ ಹುಡುಗೀರಿಗೆ ಅಮ್ಮ ಮಾಡೋ ಶೇಂಗಾ ಚಟ್ನಿಪುಡಿ ಅಂದ್ರೆ ಪ್ರಾಣ. ಆ ಡಬ್ಬಗಳನ್ನ ಬಸ್ಸಲ್ಲಿ ಹೊತ್ತರೆ ಅರ್ಧ ಚಕ್ಕುಲಿ ಪುಡಿಯಾಗುತ್ತೆ, ಆಟೋದಲ್ಲಿ ಹಾಕಿದರೆ ಬಂದಿದ್ದೆಲ್ಲ ಆಟೋದವನಿಗೆ. ಕಾರು ಹೋದ್ರೆ ಕೆಲಸ ಹೋಯ್ತು ಅಂತಲೇ ಲೆಕ್ಕ. ಕೆಲಸಕ್ಕಿಂತ ಹೆಚ್ಚಾಗಿ, ದಿನವಿಡೀ ಮನೇಲಿ ಕೂತರೆ ನನಗೆ ಹುಚ್ಚೇ ಹಿಡಿಯುತ್ತೆ.

ಕಾರು ಇರೋದು ಅಮ್ಮನ ಹೆಸರಲ್ಲಿ. ಅಪ್ಪ ರಿಟೈರ್ ಆದಾಗ, ಇವಳ ಹೆಸರಲ್ಲಿ ಒಂದಾದ್ರೂ ಇರಲಿ ಅಂತ ಕೊಂಡಿದ್ದು. ಶೋರೂಮಿಂದ ತಂದ ದಿನ ಬಾನೆಟ್ ಎತ್ತಿ, ಒಳಗಡೆ ತಗಡಿನ ಮೇಲೆ ಒತ್ತಿದ್ದ ಉದ್ದದ ನಂಬರ್ ತೋರಿಸಿ, ಇದೇ ಚಾಸಿಸ್ ನಂಬರು, ಮನುಷ್ಯರಿಗೆ ಹೆಸರಿದ್ದ ಹಾಗೆ ಗಾಡಿಗೆ ಇದು, ಪ್ರಪಂಚದಲ್ಲಿ ಇನ್ನೊಂದಕ್ಕೆ ಈ ನಂಬರ್ ಇರಲ್ಲ ಅಂತ ಅಮ್ಮನಿಗೆ ಪಾಠ ಮಾಡಿದ್ರು. ಅಮ್ಮ ಆ ಪಾಠನ ತನಗೆ ಬೇಕಾದ ಹಾಗೆ ಕಲಿತಳು. ಎಲ್ಲರೂ ಗಾಡಿಗೆ ಸ್ಟೇರಿಂಗಿಗೋ, ಮುಂದಿನ ಗಾಜಿಗೋ ಕುಂಕುಮ ಇಟ್ಟರೆ, ನಮ್ಮಮ್ಮ ಪ್ರತಿ ಶುಕ್ರವಾರ ನನ್ನ ಕೈಲಿ ಬಾನೆಟ್ ಎತ್ತಿಸಿ ಆ ನಂಬರಿನ ಮೇಲೇ ಇಡೋಳು. ಒಣ ಕುಂಕುಮ ಉದುರಿಹೋಗುತ್ತೆ ಅಂತ ದೀಪದ ಎಣ್ಣೆಯಲ್ಲಿ ಕಲಸಿ ತರೋಳು. ಅಪ್ಪ ಹೋದ ಮೇಲೂ ಒಂದು ವಾರ ತಪ್ಪಿಸಿದ್ದಿಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಕೂತು ಅಲ್ಲೊಂದು ಕಂದು ಹೆಪ್ಪು ಕಟ್ಟಿಬಿಟ್ಟಿತ್ತು. ಅದರ ಕೆಳಗೆ ನಂಬರ್ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು.

ಆರ್‌ಟಿಒದಲ್ಲಿ ಸೋಮವಾರಕ್ಕೆ ಸಮಯ ಸಿಕ್ತು. ತೆರಿಗೆ ಕಟ್ಟಿದೆ, ಇನ್ಶೂರೆನ್ಸ್ ಕಾಗದ ಹುಡುಕಿದೆ. ಬೇಕಾದ ಕಾಗದಗಳ ಪಟ್ಟೀಲಿ ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಅಂತ ಇತ್ತು. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡ್ತಾವಲ್ಲ, ಅದು. ಶುಕ್ರವಾರ ಬೆಳಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಬಾನೆಟ್ ಎತ್ತಿದೆ. ಕಾಗದ ಇಟ್ಟು ಉಜ್ಜಿದರೆ ಏನೂ ಮೂಡಲಿಲ್ಲ, ಬರೀ ಎಣ್ಣೆ ಹತ್ತಿತು. ಬಿಸಿನೀರು ಹಾಕಿದೆ, ಬಿಡಲಿಲ್ಲ. ದೋಸೆ ಮೊಗಚೋ ಕೈ ತಂದು ಕೆರೆದೆ, ಅಷ್ಟೋ ಇಷ್ಟೋ ಬಂತು. ತಾಳ್ಮೆ ಇದ್ದವರಾದರೆ ಗ್ಯಾರೇಜಿಗೆ ಹೋಗಿ ಕೇಳ್ತಿದ್ರು. ನಾನು ಅಪ್ಪನ ಡ್ರಿಲ್ಲಿಂಗ್ ಮಷೀನ್ ತಂದೆ. ತುಕ್ಕು ಉಜ್ಜೋ ಚಕ್ರ ಸಿಕ್ಕಿಸಿ, ಒತ್ತಿ ಹಿಡಿದೆ. ಕಿಡಿ ಹಾರಿತು, ಕುಂಕುಮದ ಪುಡಿ ಮುಖಕ್ಕೆಲ್ಲ ರಾಚಿತು. ನಿಲ್ಲಿಸಿ ನೋಡಿದರೆ ತಗಡು ಬೆಳ್ಳಗೆ ಹೊಳೀತಿದೆ, ಮುಕ್ಕಾಲು ಭಾಗ ಅಂಕಿಗಳೇ ಇಲ್ಲ. ಅಲ್ಲೊಂದು ಇಲ್ಲೊಂದು ಗೀರು ಅಷ್ಟೆ.

ಕುಂಕುಮ ತಿಂದುಹಾಕಿದೆ ಅಂದುಕೊಂಡೆ. ಬೇರೆ ಯೋಚನೆ ಸುಳಿಯಲೇ ಇಲ್ಲ. ಹದಿನೈದು ವರ್ಷ ಅರಿಶಿನ, ಕುಂಕುಮ, ನೀರು ಬಿದ್ದರೆ ಕಬ್ಬಿಣ ಉಳಿಯುತ್ತಾ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಅದೇ ಹೊತ್ತಿಗೆ ಅಮ್ಮ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ತಟ್ಟೆ ಹಿಡಿದು ಗೇಟಿನ ಹತ್ತಿರ ಬಂದಳು.

ಬಾಯಿಗೆ ಬಂದ ಹಾಗೆ ಕೂಗಾಡಿದೆ. ನಿನ್ನ ಪೂಜೆ ಮನೆ ಹಾಳು ಮಾಡ್ತು ಅಂದೆ. ಎದುರುಮನೆ ಬಾಡಿಗೆಯವರು ಬಾಲ್ಕನಿಗೆ ಬಂದು ನೋಡಿದ್ರು, ಆದರೂ ನಿಲ್ಲಿಸಲಿಲ್ಲ. ಅಪ್ಪ ಕೊಡಿಸಿದ ಒಂದೇ ಒಂದನ್ನ ನಿನ್ನ ಕೈಯಾರೆ ಗುಜರಿಗೆ ಕಳಿಸ್ತಿದ್ದೀಯ ಅಂದೆ. ಆ ಮಾತು ಇವತ್ತಿಗೂ ನನ್ನ ಕಿವೀಲಿ ಕೂತಿದೆ. ಅಮ್ಮ ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು.

ಸೋಮವಾರ ಇನ್‌ಸ್ಪೆಕ್ಟರ್ ಬಾನೆಟ್ ಒಳಗೆ ಬಗ್ಗಿ ತುಂಬಾ ಹೊತ್ತು ನೋಡಿದರು. ವಯಸ್ಸಾದ ಮನುಷ್ಯ, ಅವಸರ ಇಲ್ಲ. ನಾನು ಕುಂಕುಮದ ಕಥೆಯೆಲ್ಲ ಒದರಿದೆ. ಅವರು ಒಂದು ಬಟ್ಟೆಗೆ ಪೆಟ್ರೋಲ್ ಅದ್ದಿ, ಮೂಲೇಲಿ ನನ್ನ ಚಕ್ರ ಮುಟ್ಟದೆ ಉಳಿದಿದ್ದ ಹೆಪ್ಪನ್ನ ಮೆತ್ತಗೆ ಒರೆಸಿದರು. ಒರೆಸಿದ ಹಾಗೆಲ್ಲ ಬಿಟ್ಟುಕೊಂಡು ಬಂತು. ಅದರ ಕೆಳಗೆ ಕೊನೆಯ ನಾಲ್ಕು ಅಂಕಿಗಳು ಇವತ್ತು ಒತ್ತಿದ ಹಾಗೆ ನಿಂತಿದ್ದವು.

"ಎಣ್ಣೆ ಕೂತಿರೋ ಕಡೆ ತುಕ್ಕೇ ಇಲ್ಲ ನೋಡಿ ಮೇಡಂ. ಮಿಕ್ಕಿದ್ದನ್ನ ಯಾರೋ ಮಷೀನ್ ಇಟ್ಟು ಉಜ್ಜಿದ್ದಾರೆ," ಅಂದರು.

ನಾನೇ ಅನ್ನೋ ಎರಡಕ್ಷರ ಹೇಳೋಕೆ ಆಗಲಿಲ್ಲ. ನಂಬರ್ ಉಜ್ಜಿದ ಗಾಡಿ ಅಂದ್ರೆ ಕದ್ದ ಮಾಲು ಅಂತಲೂ ಅನುಮಾನ ಬರುತ್ತೆ, ಪೊಲೀಸ್ ವರದಿ, ಲ್ಯಾಬಿನ ಪರೀಕ್ಷೆ ಎಲ್ಲ ಆಗ್ಬೇಕು, ತಿಂಗಳುಗಟ್ಟಲೆ ಹಿಡಿಯಬಹುದು ಅಂತ ಅವರೇ ವಿವರಿಸಿದರು. ತಾನಾಗೇ ಸವೆದಿದ್ದರೆ ಮಾಲೀಕರು ಅಫಿಡವಿಟ್ ಕೊಡಲಿ, ಹೊಸದಾಗಿ ನಂಬರ್ ಒತ್ತಿಸೋಕೆ ಅರ್ಜಿ ಹಾಕಬಹುದು ಅಂತಲೂ ಅಂದರು. ನನ್ನ ಮುಖ ನೋಡಿಯೇ ಹೇಳಿದರು ಅನ್ಸುತ್ತೆ. ಅಲ್ಲಿಂದಲೇ ಉತ್ತರಹಳ್ಳಿ ಕಡೆಯ ಗುಜರಿಯವನಿಗೆ ಫೋನ್ ಮಾಡಿದರೆ, ಚಾಸಿಸ್ ನಂಬರಿನ ತುಂಡು ಕತ್ತರಿಸಿ ಆಫೀಸಿಗೆ ಒಪ್ಪಿಸದೆ ಸರ್ಟಿಫಿಕೇಟ್ ಸಿಗಲ್ಲಕ್ಕಾ, ನಾನು ತಗೊಳಲ್ಲ ಅಂದ. ಇಟ್ಕೊಳ್ಳೋ ಹಾಗೂ ಇಲ್ಲ, ಬಿಸಾಕೋ ಹಾಗೂ ಇಲ್ಲ. ಪರಿಸರಕ್ಕೆ ಅಂತ ಕಟ್ಟಿದ ದುಡ್ಡಿನ ರಸೀದಿ ಮಾತ್ರ ಕೈಯಲ್ಲಿತ್ತು.

ಮನೆಗೆ ಬಂದು ಅಮ್ಮನಿಗೆ ಏನು ಹೇಳಿದೆ? ಏನೋ ಅಫಿಡವಿಟ್ ಬೇಕಂತೆ ಅಂದೆ. ಅಷ್ಟೇ ಅಂದೆ. ನಾಳೆ ಹೇಳೋಣ, ಊಟ ಆದ ಮೇಲೆ ಹೇಳೋಣ ಅಂತ ಹಿಂದಕ್ಕೆ ತಳ್ತಾ ಬಂದೆ. ಕೂತರೆ ನಿಲ್ಲೋಣ ಅನ್ಸೋದು, ನಿಂತರೆ ಎಲ್ಲಾದ್ರೂ ಹೋಗೋಣ ಅನ್ಸೋದು. ಸುಮ್ಮನೆ ಹುಳಿಮಾವು ಕೆರೆವರೆಗೂ ಕಾರು ಓಡಿಸಿಕೊಂಡು ಹೋಗಿ, ಇಳಿಯದೆ ವಾಪಸ್ ಬಂದೆ.

ಮಂಗಳವಾರ ಅಮ್ಮ ಒದ್ದೆ ಬಟ್ಟೆ ಹಿಡಿದು ಅಡುಗೆಮನೇಲಿ ನಿಂತಿದ್ದಳು. ಮಿಕ್ಸಿ ಮೇಲಿನ ಕುಂಕುಮ ಒರೆಸಿದಳು. ಆಮೇಲೆ ಗ್ರೈಂಡರ್‌ದು, ಫ್ರಿಜ್‌ದು, ಇಸ್ತ್ರಿ ಪೆಟ್ಟಿಗೇದು. ಗ್ಯಾಸ್ ಸಿಲಿಂಡರ್ ಕಡೆಗೂ ಕಷ್ಟಪಟ್ಟು ಬಗ್ಗಿದಳು. ಇವೂ ಹಾಳಾಗಬಾರದಲ್ಲ ಅಂತ ತನ್ನಷ್ಟಕ್ಕೆ ಅಂದುಕೊಂಡಳು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನಾಲಿಗೆ ತುದಿವರೆಗೂ ಬಂತು, ನುಂಗಿಕೊಂಡೆ. ಬುಧವಾರ ಅಮ್ಮ ಚಿಕ್ಕಮ್ಮನಿಗೆ ಫೋನಲ್ಲಿ, ನನ್ನಿಂದಲೇ ಕಾರು ಹೋಯ್ತು ಕಣೇ, ಪಾಪ ಅವಳು ಒದ್ದಾಡ್ತಿದ್ದಾಳೆ ಅಂತಿದ್ದಳು. ರಾತ್ರಿ ಒಂದು ತುತ್ತು ಮಜ್ಜಿಗೆ ಅನ್ನ ತಿಂದು ಎದ್ದಳು. ನನ್ನಂಥ ಹೇಡಿ ಇನ್ನೊಬ್ಬಳು ಇರಲ್ಲ.

ಗುರುವಾರ ಅಫಿಡವಿಟ್ ಮಾಡಿಸೋಕೆ ಆರ್‌ಟಿಒ ಎದುರಿನ ಟೈಪಿಸ್ಟ್ ಹತ್ತಿರ ಹೋದೆ. ನಂಬರ್ ಹೇಗೆ ಅಳಿಸಿತು ಅಂತ ಕೇಳಿದ. ನಾನು ತಡವರಿಸಿದೆ. ಪೂಜೆ ಮಾಡಿ ಮಾಡಿ ಸವೆದಿದೆ ಅಂತ ಹಾಕ್ಲಾ ಮೇಡಂ, ಅದಾದ್ರೆ ಯಾರೂ ಜಾಸ್ತಿ ಕೆದಕಲ್ಲ ಅಂದ. ಹಾಕಿ ಅಂದೆ. ಹೌದು, ನಾನೇ ಹಾಕಿ ಅಂದೆ.

ಶುಕ್ರವಾರ ಬೆಳಗ್ಗೆ ಅದನ್ನ ಅಮ್ಮನ ಮುಂದಿಟ್ಟು ಇಲ್ಲೊಂದು ಸೈನ್ ಹಾಕು ಅಂದೆ. ಹಾಕಿಬಿಡ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ತರಿಸಿಕೊಂಡು, ಮೊದಲಿಂದ ಓದೋಕೆ ಶುರು ಮಾಡಿದಳು. ಸ್ಕೂಲಲ್ಲಿ ಪಾಠ ಓದೋ ಹಾಗೆ, ಒಂದೊಂದೇ ಪದ, ಗಟ್ಟಿಯಾಗಿ. "ನನ್ನ ಅಜ್ಞಾನದಿಂದ ಹಾಗೂ ನಿರ್ಲಕ್ಷ್ಯದಿಂದ" ಅನ್ನೋ ಕಡೆ ನಿಂತಳು. ಮತ್ತೆ ಅದನ್ನೇ ಓದಿದಳು. ಸರಿ, ಎಲ್ಲಿ ಹಾಕ್ಬೇಕು ಅಂತ ಕೇಳಿ, ಪೆನ್ನು ತಗೊಂಡು, ಮೊದಲು ಅಲ್ಲೇ ಬಿದ್ದಿದ್ದ ನ್ಯೂಸ್ ಪೇಪರಿನ ಅಂಚಲ್ಲಿ ತನ್ನ ಹೆಸರು ಬರೆದು ನೋಡಿಕೊಂಡಳು. ಸೈನು ಕೆಟ್ಟರೆ ಮಗಳಿಗೆ ಇನ್ನೊಂದು ತೊಂದರೆ ಅಂತ.

ನನ್ನ ಕೈಲಿ ತಡೆಯೋಕೆ ಆಗಲಿಲ್ಲ.

"ಅಮ್ಮ, ಹಾಕ್ಬೇಡ. ಅಳಿಸಿದ್ದು ನಿನ್ನ ಕುಂಕುಮ ಅಲ್ಲ, ನಾನು. ಅಪ್ಪನ ಮಷೀನ್ ಇಟ್ಟು ಉಜ್ಜಿಬಿಟ್ಟೆ. ನಿನ್ನ ಎಣ್ಣೆ ಇದ್ದ ಕಡೆ ನಂಬರ್ ಹೊಸದರ ಥರ ಇದೆ."

ಅಮ್ಮ ಪೆನ್ನು ಕೆಳಗಿಡಲಿಲ್ಲ. ಯಾವತ್ತು ಗೊತ್ತಾಯ್ತು ನಿನಗೆ ಅಂತ ಕೇಳಿದಳು. ಸೋಮವಾರ ಅಂದೆ. ಅವಳು ಮನಸ್ಸಲ್ಲೇ ಒಂದೊಂದು ದಿನ ತಿರುಗಿಸಿ ನೋಡ್ತಿದ್ದಾಳೆ ಅನ್ನೋದು ನನಗೆ ಕಾಣ್ತಿತ್ತು. ನಾನು ತಲೆ ತಗ್ಗಿಸಿದೆ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

ಆಮೇಲೆ, ನಿಜ ಬರೆದರೆ ಏನಾಗುತ್ತೆ ಅಂತ ಕೇಳಿದಳು. ಪೊಲೀಸು, ಲ್ಯಾಬು ಅಂತ ಅಲೆದಾಡ್ಬೇಕು, ಅಷ್ಟರಲ್ಲಿ ಗಡುವು ಮುಗಿಯುತ್ತೆ, ಕಾರು ಉಳಿಯೋದು ಅನುಮಾನ ಅಂದೆ.

"ಕಾರು ಬೇಕಾ ನಿನಗೆ?"

ಬೇಡ ಅನ್ನಬೇಕಿತ್ತು. ಆ ಹೊತ್ತಲ್ಲಿ ಯಾವ ಮಗಳಾದ್ರೂ ಬೇಡ ಅಂತಿದ್ದಳು. ನಾನು ಬೇಕು ಅಂದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು, ಟೈಪಿಸ್ಟ್ ಗುರುತು ಹಾಕಿದ ಜಾಗದಲ್ಲಿ, ನಿಧಾನಕ್ಕೆ, ಪೂರ್ತಿ ಹೆಸರು ಬರೆದಳು. ಇಂಕು ಆರಲಿ ಅಂತ ಎರಡು ಸಲ ಊದಿದಳು. ಕಾಗದ ನನ್ನ ಕಡೆ ತಳ್ಳಿ, ನನ್ನ ಮುಖ ನೋಡದೆ ಹೇಳಿದಳು.

"ತಗೋ. ಇನ್ಮೇಲೆ ನನ್ನ ಮೇಲೆ ಕೂಗಾಡಬೇಡ."