ಜಿರಳೆಗೆ ಫಸ್ಟ್ ರ್‍ಯಾಂಕ್

ಜಿರಳೆ ಕಂಡರೆ ಕುರ್ಚಿ ಹತ್ತಿ ನಿಲ್ಲುವ ಜಾತಿ ನನ್ನದು. ಅಂಥವಳು ಒಂದು ಕಾಲದಲ್ಲಿ, ಶನಿವಾರದ ಒಪ್ಪತ್ತಿನಷ್ಟೇ ನಿಷ್ಠೆಯಿಂದ, ವಾರ ವಾರವೂ ಜಿರಳೆಯ ಮೇಲೆ ಪ್ರಬಂಧ ಬರೆಯುತ್ತಿದ್ದೆ ಎಂದರೆ ನಮ್ಮ ಬೀದಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಮಹಿಳಾ ಸಮಾಜದ ವಾರ್ಷಿಕ ಸಂಚಿಕೆಯಲ್ಲಿ ‘ನನ್ನ ಮೊದಲ ಒಗ್ಗರಣೆ’ ಎಂದು ಬರೆದಾಗಲೂ ಅವರು ಓದಿರಲಿಲ್ಲ.

ಆದದ್ದು ಇಷ್ಟು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ವಿಆರ್‌ಎಸ್ ತೆಗೆದುಕೊಂಡು, ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ‘ನಿಶ್ಚಿಂತೆ ಪೆಸ್ಟ್ ಕಂಟ್ರೋಲ್’ ಎಂದು ಬೋರ್ಡು ಹಾಕಿದರು. ಜಿರಳೆ, ಗೆದ್ದಲು, ತಿಗಣೆ, ಇರುವೆ, ಯಾವುದಿದ್ದರೂ ಔಷಧಿ ಹೊಡೆಯುತ್ತೇವೆ ಅಂತ. ಬೋರ್ಡು ಹಾಕಿದ ದಿನವೇ ಮನೆಯಿಂದ ನಿಶ್ಚಿಂತೆ ಹೊರಟುಹೋಯಿತು. ಫೋನೇ ಬರುತ್ತಿರಲಿಲ್ಲ. ಇವರು ಮೊಬೈಲನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಉಪ್ಪಿಟ್ಟು ತಿನ್ನುತ್ತಿದ್ದರು. ಆಗಾಗ ಎದ್ದು ಹೋಗಿ ಲ್ಯಾಂಡ್‌ಲೈನಿನಿಂದ ತಮ್ಮ ಮೊಬೈಲಿಗೆ ತಾವೇ ಫೋನ್ ಮಾಡಿ, ಅದು ಬಡಿದುಕೊಂಡರೆ “ಸರಿಯಾಗೇ ಇದೆ” ಎಂದು ಬಂದು ಕೂರುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಂಕಟವಾಗತೊಡಗಿತು.

“ದೀಪಾವಳಿವರೆಗೂ ನೋಡ್ತೀನಿ ಕಣೇ. ಆಗ್ಲಿಲ್ಲ ಅಂದ್ರೆ ಕೆಂಗೇರಿ ಕಡೆ ಒಂದು ಅಪಾರ್ಟ್‌ಮೆಂಟಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸ ಇದೆಯಂತೆ, ಹೋಗ್ಬಿಡ್ತೀನಿ” ಎಂದರು ಒಂದು ದಿನ. ಕಾರ್ಖಾನೆಯಲ್ಲಿ ಶಿಫ್ಟಿಗೆ ಶಿಫ್ಟೇ ತನ್ನ ಮಾತು ಕೇಳುವಂತೆ ಮಾಡಿದ್ದ ಮನುಷ್ಯ, ಗೇಟಿನಲ್ಲಿ ನಿಂತು ಬಂದ ಕಾರಿನ ನಂಬರು ಬರೆದುಕೊಳ್ಳುವುದೇ!

ಬೀದಿಗೊಂದು ಸೈಬರ್ ಕೆಫೆ ಇದ್ದ ಕಾಲ ಅದು. ನಮ್ಮ ಬೀದಿಯದನ್ನು ನಡೆಸುತ್ತಿದ್ದವನು ಬಾಗಲಕೋಟೆ ಕಡೆಯ ಬಸವರಾಜ. ನಮಗೊಂದು ವೆಬ್‌ಸೈಟ್ ಮಾಡಿಕೊಟ್ಟವನೂ ಅವನೇ. ಅದನ್ನು ನಾನು, ನಮ್ಮ ಯಜಮಾನರು ಇಬ್ಬರು ಬಿಟ್ಟರೆ ಮೂರನೆಯವರು ನೋಡಿದ ಕುರುಹಿರಲಿಲ್ಲ. ಏನಪ್ಪಾ ಇದು ಎಂದು ಹೋಗಿ ಕೇಳಿದೆ.

“ವೆಬ್‌ಸೈಟ್ ಮಾಡಿ ಹಂಗ ಬಿಟ್ರ ನಡೀತೈತೇನ್ರೀ ಮೇಡಂ? ಬ್ಲಾಗ್ ಬರೀಬೇಕ್ರೀ. ವಾರಕ್ಕೊಂದರ ಬೇಕು. ಹೊಸಾದು ಇದ್ರ ಸರ್ಚ್ ಎಂಜಿನ್ ಬಂದು ನೋಡ್ತೈತಿ, ಇಲ್ಲಾಂದ್ರ ಈ ಮನ್ಯಾಗ ಯಾರೂ ಇಲ್ಲ ಅಂತ ಮುಂದ ಹೋಗ್ತೈತಿ. ಮತ್ತ ಚಂದಾಗಿ ಬರೀಬೇಕ್ರೀ. ಓದಾಕ ಬಂದವ್ರು ಅರ್ಧಕ್ಕ ಎದ್ದು ಹೋಗಬಾರದು.”

ಸರ್ಚ್ ಎಂಜಿನ್ ಎಂದರೆ ಏನೋ ಮಹಾ ಯಂತ್ರ ಎಂದುಕೊಂಡಿದ್ದೆ. ಇವನು ವಿವರಿಸಿದ ಮೇಲೆ, ಅಯ್ಯೋ, ಇದು ನಮ್ಮ ಕಾಮಾಕ್ಷಮ್ಮ ಅಲ್ಲವೇ ಅನ್ನಿಸಿತು. ಕಾಮಾಕ್ಷಮ್ಮ ನಮ್ಮ ಬೀದಿಯ ಕೊನೆಯ ಮನೆಯವರು. ಪ್ಲಂಬರ್ ಬೇಕೆ, ವರ ಬೇಕೆ, ಬಾಡಿಗೆ ಮನೆ ಬೇಕೆ, ಎಲ್ಲರೂ ಕೇಳುವುದು ಅವರನ್ನೇ. ದಿನಾ ಬೆಳಗ್ಗೆ ದೇವಸ್ಥಾನಕ್ಕೆ ಹೋಗುವ ನೆಪದಲ್ಲಿ ಪ್ರತಿ ಗೇಟಿನ ಒಳಗೂ ಒಂದು ಕಣ್ಣು ಹಾಯಿಸುತ್ತಾರೆ. ಬಾಗಿಲಲ್ಲಿ ಹೊಸ ರಂಗೋಲಿ ಇದ್ದರೆ ಸಂಸಾರ ಇದೆ ಎಂದು ಲೆಕ್ಕ. ನಾಲ್ಕು ದಿನ ರಂಗೋಲಿ ಕಾಣದಿದ್ದರೆ ಮನೆ ಖಾಲಿ ಮಾಡಿದರು ಎಂದು ಸಾರಿಬಿಡುತ್ತಾರೆ. ಒಮ್ಮೆ ನಾವು ತಿರುಪತಿಗೆ ಹೋಗಿ ಬರುವಷ್ಟರಲ್ಲಿ ಬಾಡಿಗೆ ಎಷ್ಟು ಎಂದು ಕೇಳಿಕೊಂಡು ಎರಡು ಸಂಸಾರ ಬಂದು ಹೋಗಿದ್ದವು! ನಮ್ಮನ್ನು ನಾವೇ ಹೊಗಳಿಕೊಂಡರೆ ಆಕೆ ಸೊಪ್ಪು ಹಾಕುವುದಿಲ್ಲ, ನಾಲ್ಕು ಮನೆಯವರು ಹೇಳಬೇಕು. ಸರ್ಚ್ ಎಂಜಿನ್ನೂ ಅಷ್ಟೇಯಂತೆ. ವಾರ ವಾರ ಬರೆಯುವುದೆಂದರೆ ಬಾಗಿಲಿಗೆ ಹೊಸ ರಂಗೋಲಿ ಹಾಕುವುದು ಎಂದು ನನಗೆ ತಿಳಿಯಿತು. ಅದು ನನ್ನಿಂದ ಆಗದ ಕೆಲಸವೇ?

ವ್ಯಾಪಾರಕ್ಕೆಂದು ಮುಂದಿನ ಕೋಣೆಯಲ್ಲಿ ತಂದಿಟ್ಟಿದ್ದ ಕಂಪ್ಯೂಟರಿನ ಮುಂದೆ ಬರೆಯಲು ಕೂತೆ. ಕೂತ ಮೇಲೆ ಒಂದು ತೊಡಕು ಎದ್ದಿತು. ಪ್ರಬಂಧ ಬರೆಯುವವರಿಗೆ ಒಂದು ಕಾಯಿಲೆ ಇರುತ್ತದೆ ನೋಡಿ, ಯಾವ ವಿಷಯ ಎತ್ತಿಕೊಂಡರೂ ಅದರ ಮೇಲೆ ಅಕ್ಕರೆ ಹುಟ್ಟಿಬಿಡುತ್ತದೆ. ಜಿರಳೆಯನ್ನು ಬೈಯಲು ಹೊರಟವಳು, ಲೇಔಟ್ ಆಗುವ ಮೊದಲೇ ಇಲ್ಲಿದ್ದ ಮೂಲ ನಿವಾಸಿ ಅದು, ನಾವೇ ಆಮೇಲೆ ಬಂದು ಸೈಟು ನಮ್ಮದು ಎಂದವರು ಎಂದು ಮುಗಿಸಿದೆ. ಇರುವೆಗಳ ಸಾಲನ್ನು ನಮ್ಮ ಬಸ್ ನಿಲ್ದಾಣದ ನೂಕುನುಗ್ಗಲಿನ ಜೊತೆ ಹೋಲಿಸಿ ಇರುವೆಗೇ ಮಾರ್ಕು ಕೊಟ್ಟೆ. ಹಲ್ಲಿಗೆ ಔಷಧಿ ಹೊಡೆಯುವವರು ಪಂಚಾಂಗದಲ್ಲಿ ಹಲ್ಲಿಶಕುನದ ಪುಟವನ್ನೂ ಹರಿದುಹಾಕುತ್ತಾರೆಯೇ ಎಂದು ಕೇಳಿದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ನಾಗರಪಂಚಮಿಗೆ ಹಾಲೆರೆದು ಬಂದು, ಅದೇ ಗೆದ್ದಲು ಬಾಗಿಲಿಗೆ ಬಂದರೆ ಬೊಬ್ಬೆ ಹೊಡೆಯುವ ನಮ್ಮ ಇಬ್ಬಂದಿತನದ ಮೇಲೆ ಬರೆದ ಪ್ರಬಂಧವಂತೂ, ನಾನೇ ಹೇಳಬಾರದು, ಬಹಳ ಚೆನ್ನಾಗಿ ಬಂದಿತ್ತು.

“ಅಲ್ಲ ಕಣೇ, ಅವನ್ನ ಹೊಡೆಯೋಕೆ ಹೊರಟಿರೋದು ನಾವು. ನೀನು ಶಾಲು ಹೊದಿಸಿ ಸನ್ಮಾನ ಮಾಡ್ತಿದೀಯಲ್ಲ!” ಎಂದು ಇವರು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಾರ ತಪ್ಪಿಸಲೂ ಇಲ್ಲ. ನೆಗಡಿಯಾದ ವಾರ ತಿಗಣೆಯ ಬಗ್ಗೆ ಚಿಕ್ಕದಾಗಿ ಬರೆದೆ.

ಕೆಲವು ತಿಂಗಳಲ್ಲಿ ಬಸವರಾಜ ಓಡಿಬಂದ. ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ‘ಜಿರಳೆ’ ಎಂದು ಹೊಡೆದರೆ ಮೊದಲು ಬರುವುದು ನಮ್ಮದೇ! ‘ಗೆದ್ದಲು’ ಎಂದರೂ ನಮ್ಮದೇ! ಎಸ್ಸೆಸ್ಸೆಲ್ಸಿಯಲ್ಲಿ ಕಷ್ಟಪಟ್ಟು ಪಾಸಾದವಳಿಗೆ ಫಸ್ಟ್ ರ್‍ಯಾಂಕ್. ರವೆ ಉಂಡೆ ಮಾಡಿ ಹಂಚಿದೆ. ಬಸವರಾಜ ಎರಡು ಉಂಡೆ ತಿಂದು ಮುಗಿಸಿದ ಮೇಲೆ, “ಕನ್ನಡದಾಗ ಜಿರಳಿ ಬಗ್ಗೆ ವಾರಾ ವಾರಾ ಬರಿಯಾವ್ರು ನೀವೊಬ್ರ ಅದೀರಿ ಮೇಡಂ” ಎಂದ. ಇದನ್ನು ಉಂಡೆ ತಿನ್ನುವ ಮೊದಲೇ ಹೇಳಬಹುದಿತ್ತು.

ಆದರೂ ಫೋನು ಬರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಇವರು ಹಳೆಯ ಪ್ಯಾಂಟುಗಳನ್ನು ಇಸ್ತ್ರಿಗೆ ಕೊಟ್ಟರು. ನನಗೆ ಸಮಾಧಾನವಾಗಿದ್ದದ್ದು ಒಂದೇ, ಪ್ರಬಂಧಗಳ ಕೆಳಗೆ ಓದುಗರು ಬರೆಯುತ್ತಿದ್ದ ಮೆಚ್ಚುಗೆ. ಗಂಡನ ವ್ಯಾಪಾರ ಏನಾದರಾಗಲಿ, ನನಗಂತೂ ಅಭಿಮಾನಿಗಳು ಹುಟ್ಟಿಕೊಂಡಿದ್ದರು. ಅವರಿಗೆ ಒಬ್ಬೊಬ್ಬರಿಗೂ ತಪ್ಪದೆ ಉತ್ತರ ಬರೆಯುತ್ತಿದ್ದೆ.

ಒಂದು ಸಂಜೆ ಇವರಿಗೆ ಮಾಡಲು ಬೇರೆ ಕೆಲಸವಿಲ್ಲದೆ, ನನ್ನ ಪಕ್ಕದಲ್ಲಿ ಕೂತು ಅವನ್ನೆಲ್ಲ ಗಟ್ಟಿಯಾಗಿ ಓದತೊಡಗಿದರು.

“‘ತುಂಬಾ ಚೆನ್ನಾಗಿದೆ ಮೇಡಂ. ಮೂಡಲಪಾಳ್ಯದಲ್ಲಿ ನಮ್ಮ ಮನೆಯಲ್ಲೂ ಮಂಚ ಮುಟ್ಟಿದರೆ ಪುಡಿ ಉದುರುತ್ತಿದೆ.’ ಇದಕ್ಕೆ ನೀನೇನು ಬರ್ದಿದೀಯ?”

“ಎಂಥ ಸೊಗಸಾದ ಚಿತ್ರಣ, ಧನ್ಯವಾದಗಳು ಅಂತ.”

ಇವರು ನನ್ನನ್ನೊಮ್ಮೆ ನೋಡಿ ಮುಂದೆ ಓದಿದರು. “‘ಮಗುವಿಗೆ ಹಾಲು ಕುಡಿಸೋಣ ಅಂತ ಲೋಟ ತೆಗೆದರೆ ಒಳಗೆ ಜಿರಳೆ. ಅಳುವೇ ಬಂತು. ಸವಿತಾ, ಚಂದ್ರಾ ಲೇಔಟ್.’ ಇದಕ್ಕೆ?”

“ನಿಮ್ಮ ಅನುಭವ ಹೃದಯಸ್ಪರ್ಶಿಯಾಗಿದೆ, ನೀವೂ ಬರೆಯಲು ಪ್ರಯತ್ನಿಸಿ ಅಂತ...” ನನ್ನ ದನಿ ತಾನಾಗಿ ಸಣ್ಣಗಾಯಿತು.

“ಅಯ್ಯೋ ಪುಣ್ಯಾತ್ಗಿತ್ತೀ! ಇವರೆಲ್ಲ ಗಿರಾಕಿಗಳು ಕಣೇ! ಬಾಗಿಲಿಗೆ ಬಂದು ಬೊಬ್ಬೆ ಹೊಡ್ಕೋತಿದಾರೆ, ನೀನು ಒಳಗಿಂದ ಧನ್ಯವಾದ ಹೇಳ್ತಾ ಇದೀಯ! ಇದ್ರಲ್ಲಿ ನಮ್ಮ ಫೋನ್ ನಂಬರ್ ಎಲ್ಲಿ?”

ಇರಲಿಲ್ಲ. ನಂಬರು ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿತ್ತು. ಪ್ರಬಂಧದ ಕೆಳಗೆ ಹಾಕು ಎಂದು ಬಸವರಾಜ ಮೊದಲೇ ಹೇಳಿದ್ದ. ನನಗೇ ಮನಸ್ಸು ಬಂದಿರಲಿಲ್ಲ. ಸಾಹಿತ್ಯದ ಕೆಳಗೆ ಫೋನ್ ನಂಬರೇ? ಮದುವೆ ಊಟದ ಎಲೆಯ ತುದಿಗೆ ಬಿಲ್ಲು ಇಟ್ಟ ಹಾಗೆ ಅನ್ನಿಸಿತ್ತು.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ನನ್ನ ಅಭಿಮಾನಿಗಳೆಲ್ಲ ಒಂದೇ ಏಟಿಗೆ ಜಿರಳೆ ಪಾಲಾದರು. ಆದರೆ ಪಕ್ಕದಲ್ಲಿ ಕೂತ ಮನುಷ್ಯನ ಮುಖ ಬಹಳ ದಿನದ ಮೇಲೆ ಅರಳಿತ್ತು. ಅವತ್ತೇ ಎಲ್ಲ ಪ್ರಬಂಧಗಳ ಕೆಳಗೂ ನಂಬರು ಹಾಕಿದೆ. ಒಬ್ಬೊಬ್ಬರಿಗೂ ಮತ್ತೊಮ್ಮೆ ಉತ್ತರ ಬರೆದೆ. ಆ ವಾರ ಅಲಂಕಾರವೆಲ್ಲ ಬದಿಗಿಟ್ಟು, ಔಷಧಿ ಹೊಡೆಯುವ ದಿನ ಅಡುಗೆಮನೆಯಲ್ಲಿ ಏನೇನು ಮುಚ್ಚಿಡಬೇಕು, ಮಗುವಿದ್ದರೆ ಏನು ಮಾಡಬೇಕು ಎಂದು ಇವರನ್ನು ಕೇಳಿ ಕೇಳಿ ಬರೆದೆ. ಕೊನೆಗೆ ಕೈ ತಡೆಯದೆ ಜಿರಳೆಯ ಪರವಾಗಿ ಒಂದು ಪ್ಯಾರಾ ಸೇರಿಸಿದೆ.

ಮೊಬೈಲು ಬಡಿದುಕೊಂಡಾಗ ಇವರು, “ಲ್ಯಾಂಡ್‌ಲೈನ್ ಯಾಕೆ ಮುಟ್ದೆ?” ಎಂದು ಒಳಗಿನಿಂದಲೇ ನನ್ನ ಮೇಲೆ ರೇಗಿದರು. ಸವಿತಾ ಫೋನು ಅದು. ಸ್ಪ್ರೇಯರ್ ಹೆಗಲಿಗೇರಿಸಿಕೊಂಡು, ಕೆಂಗೇರಿಗೆಂದು ಇಸ್ತ್ರಿಯಾಗಿದ್ದ ಪ್ಯಾಂಟು ತೊಟ್ಟು ಚಂದ್ರಾ ಲೇಔಟಿಗೆ ಹೊರಟ ನಮ್ಮ ಯಜಮಾನರು, ನಮ್ಮ ಮದುವೆಯಲ್ಲೂ ಅಷ್ಟು ಲಕ್ಷಣವಾಗಿ ಕಂಡಿರಲಿಲ್ಲ. ಆಮೇಲೆ ಒಂದೊಂದಾಗಿ ಮಿಕ್ಕ ಫೋನುಗಳೂ ಬಂದವು. ಫೋನು ಮಾಡಿದವರಲ್ಲಿ ಬಹಳ ಮಂದಿ, “ನಿಮ್ಮ ಹುತ್ತದ ಲೇಖನ ಓದಿದ್ವಿ ಸಾರ್” ಎಂದೇ ಮಾತು ಶುರು ಮಾಡುತ್ತಿದ್ದರಂತೆ. ಅದನ್ನು ಇವರು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಅದೂ ಬೇರೆಲ್ಲೋ ನೋಡುತ್ತಾ.

ಯುಗಾದಿಯ ಹೊತ್ತಿಗೆ ಫೋನು ಎತ್ತುವುದೇ ನನ್ನ ಕೆಲಸವಾಗಿ, ಮೊದಲ ಬಾರಿಗೆ ಒಂದು ವಾರ ಬರೆಯುವುದು ತಪ್ಪಿತು. ಸಾರಿಗೆ ಬೇಳೆ ಬೇಯಲಿಟ್ಟಿದ್ದಾಗ ಮತ್ತೆ ಫೋನು.

“ಆಂಟಿ, ನಾನು ಚಂದ್ರಾ ಲೇಔಟ್ ಸವಿತಾ.”

“ಮತ್ತೆ ಬಂದ್ವೇನಮ್ಮ ಜಿರಳೆ? ಸರ್ವಿಸ್‌ಗೆ ಕಳಿಸ್ತೀನಿ ಇರು.”

“ಅಯ್ಯೋ ಇಲ್ಲ ಆಂಟಿ, ಒಂದೂ ಇಲ್ಲ. ಈ ವಾರ ನೀವು ಬರ್ದೇ ಇಲ್ವಲ್ಲ, ಹುಷಾರಾಗಿದೀರಾ ಅಂತ ಕೇಳೋಣ ಅನ್ನಿಸ್ತು.”

ಮನೆಯಲ್ಲಿ ಒಂದೇ ಒಂದು ಜಿರಳೆ ಇಲ್ಲದೆಯೂ ನನ್ನನ್ನು ಓದುವ ಹೆಂಗಸು! ರಂಗೋಲಿ ಕಾಣಲಿಲ್ಲವೆಂದು ಬಾಗಿಲು ತಟ್ಟಿ ವಿಚಾರಿಸಿದ್ದಾಳೆ. ಕಣ್ಣು ತುಂಬಿಕೊಂಡಿತು.

“ಯಾರೇ ಅದು? ಗಿರಾಕಿನಾ?” ಇವರು ಕೋಣೆಯಿಂದ ಕೂಗಿದರು.

“ಅಲ್ಲಾರೀ, ಓದುಗರು” ಎಂದು ಹೇಳಿ, ಒಲೆ ಆರಿಸಿ ಕಂಪ್ಯೂಟರಿನ ಮುಂದೆ ಕೂತೆ. ಅವತ್ತು ಊಟ ತಡವಾಯಿತು. ಇವರೇ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದರು.