ಮುದ್ರೆಯಿಲ್ಲದ ಕಾಗದ

ಕೋರ್ಟಿನ ಮೆಟ್ಟಿಲು ಹತ್ತಿದ ಮಕ್ಕಳಿಗೂ ಒಂದು ಶಾಲೆ ಬೇಕೆಂದು ಸಭೆಗಳಲ್ಲಿ ಹೇಳಿದ ಶಿಕ್ಷಣತಜ್ಞರು ಹಲವರಿದ್ದಾರೆ; ಆ ಶಾಲೆಗಾಗಿ ಪಾಳುಬಿದ್ದ ಗೋದಾಮೊಂದನ್ನು ಹುಡುಕಿ, ಕಚೇರಿಗೆ ಅಲೆದು ಅದರ ಬೀಗದ ಕೈ ತಂದವರು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹೆಡ್ ಮೇಡಂ. ಅವರ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಮೊದಲ ದಿನವೇ ಕೊನೆಯ ದಿನವಾಗುವುದರಲ್ಲಿತ್ತು.

ಅನುಮತಿ ಕೊಟ್ಟ ನ್ಯಾಯಾಧೀಶರು ಷರತ್ತು ಹಾಕಿದ್ದರು: ಮೊದಲ ದಿನ ಮಧ್ಯಾಹ್ನ ಹನ್ನೆರಡರೊಳಗೆ ಎಂಟು ಮಕ್ಕಳಾದರೂ ತರಗತಿಯಲ್ಲಿರಬೇಕು. ಇಲ್ಲವಾದರೆ ಅನುಮತಿ ರದ್ದು, ಮಕ್ಕಳು ಮನೆ ಬಿಟ್ಟು ಮತ್ತೆ ಸುಧಾರಣಾ ಗೃಹಕ್ಕೆ.

ಹತ್ತಾಯಿತು, ಹನ್ನೊಂದಾಯಿತು, ಒಂದು ನರಪಿಳ್ಳೆಯೂ ಇಲ್ಲ. ಮೇಡಂ ಒರೆಸಿದ ಬೆಂಚನ್ನೇ ಮತ್ತೆ ಒರೆಸಿದರು. "ಇರೋ ಕೆಲಸ ಬಿಟ್ಟು ಕಳ್ಳರಿಗೆ ಕಾಗುಣಿತ ಕಲಿಸ್ತಾಳಂತೆ ನಮ್ಮ ಸೊಸೆ!" ಎಂದಿದ್ದ ಅತ್ತೆಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

ಆಗ ಕೋರ್ಟಿನ ಜವಾನನ ಫೋನು ಬಂತು. "ಮೇಡಂ, ಬೆಳಿಗ್ಗೆಯಿಂದ ಒಂಬತ್ತು ಮಕ್ಕಳು ಇಲ್ಲಿ ಬೆಂಚ್ ಮೇಲೆ ಕೂತಿದಾರೆ. ಯಾವ ಕೇಸು ಅಂದ್ರೆ ನಿಮ್ಮ ಕಾಗದ ತೋರಿಸ್ತಾರೆ!"

ತಪ್ಪು ಮೇಡಂ ಅವರದೇ. ಮಕ್ಕಳನ್ನು ಶಾಲೆಗೆ ಕರೆದು ಮನೆಗಳಿಗೆ ಕಳಿಸಿದ ಕಾಗದಕ್ಕೆ ತೂಕ ಬರಲೆಂದು ಕೋರ್ಟಿನ ಮುದ್ರೆ ಒತ್ತಿಸಿ, 'ತಪ್ಪದೆ ಹಾಜರಾಗತಕ್ಕದ್ದು' ಎಂದು ಬರೆದಿದ್ದರು. ವಿಳಾಸ ಓದಲು ಬಾರದ ಆ ಮನೆಗಳಿಗೆ ಮುದ್ರೆಯ ಗುರುತು ಮಾತ್ರ ಚೆನ್ನಾಗಿ ಗೊತ್ತಿತ್ತು.

ಮೇಡಂ ಕೋರ್ಟಿಗೆ ಓಡಿದರು. ಬೆಂಚಿನ ತುದಿಯಲ್ಲಿದ್ದ ಹುಡುಗಿ ಕೇಳಿದಳು: "ಅಕ್ಕಾ, ನಮ್ಮನ್ನ ಯಾವಾಗ ಕರೀತಾರೆ? ಕಾಲು ಜೋಮು ಹಿಡೀತು."

"ಕೇಸಲ್ಲ ಕಣಮ್ಮ, ಸ್ಕೂಲು."

"ಅಯ್ಯೋ, ಮೊದಲೇ ಹೇಳಬಾರದಾ? ಅಮ್ಮ ರಾತ್ರಿಯೆಲ್ಲ ಅತ್ತಳು!"

ಒಂಬತ್ತು ಮಕ್ಕಳನ್ನೂ ಓಡಿಸಿಕೊಂಡು ಬಂದು ಹಾಜರಿ ಕೂಗಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ಹೆಸರು ಕರೆದೊಡನೆ ಆ ಹುಡುಗಿ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತಳು. "ಕೂತ್ಕೊಳ್ಳಮ್ಮ," ಎಂದರು ಮೇಡಂ, "ಇಲ್ಲಿ 'ಬಂದಿದೀನಿ' ಅಂದ್ರೆ ಸಾಕು."

ಶಾಲೆ ಉಳಿಯಿತು. ಆದರೆ ಆ ತಾಯಿಯ ಅಳು ಅವರನ್ನು ಬಿಡಲಿಲ್ಲ. ಅಂದಿನಿಂದ ಯಾವ ಕಾಗದಕ್ಕೂ ಮುದ್ರೆಯಿಲ್ಲ. ಕೈಯಲ್ಲಿ ಬರೆದು, ತಾವೇ ಮನೆಮನೆಗೆ ಒಯ್ದು, ತಾಯಂದಿರ ಎದುರು ಓದಿ ಹೇಳಿ ಬರುವುದು ಅವರ ರೂಢಿಯಾಯಿತು. ಬೆಳಿಗ್ಗೆ ಕೊನೆಯ ಮಗು ಗೇಟು ದಾಟಿ ಒಳಬರುವವರೆಗೆ ಇಂದಿಗೂ ಅವರ ಗಂಟಲಲ್ಲಿ ಒಂದು ಗುಟುಕು ಚಹಾ ಇಳಿಯುವುದಿಲ್ಲ.

ಆ ಕಳವಳ ನಿವೃತ್ತಿಯಾಗುವಂಥದ್ದಲ್ಲವೆಂದು ನಾವು ಬಲ್ಲೆವು. ಮೇಡಂ ಆರೋಗ್ಯದಿಂದ ಬಹುಕಾಲ ಬಾಳಲಿ. ನಾಳೆಯೂ ನಮ್ಮ ಗೇಟಿನ ಬಳಿ ನಿಂತು ಮಕ್ಕಳನ್ನು ಎಣಿಸಲಿ. ಬೀಳ್ಕೊಡುಗೆಯ ಈ ಕಾಗದಕ್ಕೂ ಮುದ್ರೆಯಿಲ್ಲ ಮೇಡಂ. ಚಹಾ ಕುಡಿದೇ ಬನ್ನಿ.