ಕನ್ನಡ ಮನೆಮಾತಿನ ಕೊನೆಯ ಸೀಟು

ನಾನು ನಿಂತದ್ದು ಮೇಜಿನ ಎಡತುದಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರೇ ನಡೆಸುವ ಕಾಲೇಜು. ಎಷ್ಟೋ ವರ್ಷಗಳ ಹಿಂದೆ, ಹನ್ನೊಂದನೇ ತರಗತಿಯ ಪ್ರವೇಶದ ಕೊನೆಯ ದಿನ, ಬೆಳಿಗ್ಗೆ. ರಸಾಯನಶಾಸ್ತ್ರ ಕಲಿಸಲು ಹಿಂದಿನ ವರ್ಷವಷ್ಟೇ ಸೇರಿದ್ದ ನನಗೆ, ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುವ ಕೆಲಸ ಕೊಟ್ಟಿದ್ದರು. ಮೊನ್ನೆ ವಾಶಿಯ ಮಸಾಲೆ ಮಾರ್ಕೆಟ್ಟಿನಲ್ಲಿ, ಬಾಯಿ ಬಿಚ್ಚಿಟ್ಟ ಲವಂಗದ ಮೂಟೆಯ ಪಕ್ಕ ಹಾದಾಗ ಆ ಕೋಣೆ ನೆನಪಾಯಿತು. ನಮ್ಮ ಕನ್ನಡ ಟೀಚರ್ ಬಾಯಲ್ಲಿ ಯಾವಾಗಲೂ ಒಂದು ಲವಂಗವಿರುತ್ತಿತ್ತು...

ಕನ್ನಡ ಮನೆಮಾತಿನ ಮಕ್ಕಳಿಗೆಂದು ಇಟ್ಟ ಸೀಟುಗಳಲ್ಲಿ ವಿಜ್ಞಾನಕ್ಕೆ ಒಂದೇ ಉಳಿದಿತ್ತು. ಮನೆಮಾತು ಕನ್ನಡ ಹೌದೋ ಅಲ್ಲವೋ ಎಂದು ಟೀಚರ್ ನೋಡಬೇಕು. ಹೌದಾದವರಲ್ಲಿ ಹೆಚ್ಚು ಅಂಕ ಬಂದವರಿಗೆ ಸೀಟು. ಅವರು ಓದಿಸುತ್ತಿರಲಿಲ್ಲ, ಬರೆಸುತ್ತಿರಲಿಲ್ಲ. ಮನೆಯಿಂದ ಇಲ್ಲಿಗೆ ಹೇಗೆ ಬಂದೆ ಎಂದಷ್ಟೇ ಕೇಳುತ್ತಿದ್ದರು.

ಕೊನೆಗೆ ಇಬ್ಬರು ಉಳಿದಿದ್ದರು; ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದೆ. ಹುಡುಗನ ಅಂಕ ಬಹಳ ಮೇಲಿತ್ತು. ಉಡುಪಿ ಕಡೆಯ ಮನೆತನ, ಟೀಚರ್ ಪಕ್ಕ ಕೂತಿದ್ದ ಕಾಲೇಜಿನ ಅಧ್ಯಕ್ಷರಿಗೆ ಪರಿಚಯ. ಟೀಚರ್ ಕನ್ನಡದಲ್ಲಿ ಕೇಳಿದ್ದಕ್ಕೆ ನಕ್ಕು, ಹಿಂದಿಯಲ್ಲಿ "ಪಪ್ಪಾ ಕೇ ಸಾಥ್, ಕಾರ್ ಸೇ" ಎಂದ.

ಹುಡುಗಿಯ ಅಪ್ಪ ಕಲಬುರಗಿ ಕಡೆಯಿಂದ ಡೊಂಬಿವಲಿ ಪಕ್ಕದ ಕಲ್ಯಾಣಕ್ಕೆ ಗಾರೆ ಕೆಲಸಕ್ಕೆ ಬಂದವನು. ಅಂಥ ಮನೆಯ ಮಕ್ಕಳನ್ನು ನಮ್ಮ ವಿಜ್ಞಾನದ ತರಗತಿಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

"ಮುಂಜಾನೆದ್ದು ನಳದ ನೀರ್ ತುಂಬಿ, ತಮ್ಮಗ ಚಾ ಕುಡಿಸಿ, ಕಲ್ಯಾಣದಾಗ ಲೋಕಲ್ ಹಿಡದು ಬಂದೀನ್ರಿ. ಗರ್ದಿ ಭಾಳ ಇತ್ರಿ."

"ಇದೆಂಥ ಕನ್ನಡ ಮಾರಾಯ್ತಿ?" ಅಧ್ಯಕ್ಷರು ನಕ್ಕರು. ಹೋಟೆಲು ನಡೆಸುತ್ತಿದ್ದ ಅವರಿಗೆ ನಗುವುದು ಅಭ್ಯಾಸ. ಕನ್ನಡದವನೆನ್ನಲು ಹುಡುಗನ ಅಡ್ಡಹೆಸರೇ ಸಾಕು, ಅಜ್ಜನ ಕಾಲದಿಂದ ಅವರು ನಮ್ಮವರು, ಇಷ್ಟು ಅಂಕದವನನ್ನು ಬಿಟ್ಟರೆ ಕಾಲೇಜಿನ ಮಟ್ಟ ಇಳಿಯುತ್ತದೆ ಎಂದರು.

ಟೀಚರ್ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡರು.

"ಅಣ್ಣ, ನಿಮ್ಮ ಮನೆಯಲ್ಲಿ ಮಾತಾಡುವುದು ತುಳು. ನಮ್ಮಲ್ಲೂ ತುಳುವೇ. ಹಾಗೆ ನೋಡಿದ್ರೆ ಈ ಸೀಟು ನಿಮಗೂ ಇಲ್ಲ, ನನಗೂ ಇಲ್ಲ, ಈ ಹುಡುಗನಿಗೂ ಇಲ್ಲ. ಇವಳಿಗೆ ಉಂಟು."

ಸೀಟು ಹುಡುಗಿಗೆ ಹೋಯಿತು. ಹುಡುಗನಿಗೆ ಬೇರೆ ಕಾಲೇಜು ಸಿಕ್ಕಿತು. ಅವನ ಅಂಕಕ್ಕೆ ಅದೇನೂ ಕಷ್ಟವಿರಲಿಲ್ಲ. ಮರುವರ್ಷ ಆ ಮೇಜಿಗೆ ಟೀಚರನ್ನು ಕರೆಯಲಿಲ್ಲ. ಅಡ್ಡಹೆಸರು ನೋಡಿದರೆ ಸಾಕೆಂದಾಯಿತು.

ಆದರೆ ಆ ದಿನ ನಾನು ನೋಡುತ್ತಿದ್ದದ್ದು ಹುಡುಗಿಯ ಮುಖವನ್ನು. ಅಧ್ಯಕ್ಷರು ನಕ್ಕಾಗ ಮುಚ್ಚಿದ ಬಾಯಿ ಸೀಟು ಸಿಕ್ಕ ಮೇಲೂ ತೆರೆಯಲಿಲ್ಲ. ಎರಡು ವರ್ಷ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸಿದಳು. ಟೀಚರ್ ವರಾಂಡದಲ್ಲಿ ಅವಳನ್ನು ನಿಲ್ಲಿಸಿ, ಇವತ್ತು ಹೇಗೆ ಬಂದೆ ಎಂದು ಕೇಳುತ್ತಿದ್ದರು. "ಟ್ರೇನ್ ಸೇ, ಮ್ಯಾಡಮ್." ಅವರು ಅವಳ ಅಂಗೈಗೆ ಒಂದು ಲವಂಗವಿಟ್ಟು ಮುಂದೆ ಹೋಗುತ್ತಿದ್ದರು...

ಟೀಚರ್ ಕಳೆದ ತಿಂಗಳು ಠಾಣೆಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಅಧ್ಯಕ್ಷರು ಹೋಗಿ ವರ್ಷಗಳಾದವು. ಆ ಕೋಣೆಯಲ್ಲಿದ್ದವರಲ್ಲಿ ಈಗ ಇರುವವರು ನಾನು, ವಾಶಿಯಲ್ಲಿ ಸ್ವಂತ ಕಚೇರಿ ಇಟ್ಟಿರುವ ಆ ಹುಡುಗ, ಮತ್ತು ಅಂಬರನಾಥದ ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವ ಆ ಹುಡುಗಿ. ಮಾರ್ಕೆಟ್ಟಿನಿಂದಲೇ ಅವಳಿಗೆ ಫೋನ್ ಮಾಡಿ, ಟೀಚರ್ ಹೋದರಮ್ಮ ಎಂದೆ. 

ಯಾವಾಗ ಎಂದು ಅವಳು ಕೇಳಿದ್ದೂ ಹಿಂದಿಯಲ್ಲೇ: "ಕಬ್, ಸರ್?"